ಫಿಲ್ಮಿನ ಲೇಪವೂ ಶ್ರಾವಕನ ವ್ರತವೂ

ಒಮ್ಮೆ ಮುಗಿದುಹೋದ ಸರಕು ಮತ್ತೆ ಅಂಗಡಿಯ ಕಪಾಟನ್ನು ಏರುವುದು ವ್ಯಾಪಾರದಲ್ಲಿ ವಿರಳ. ಗ್ರಾಮಫೋನ್ ತಟ್ಟೆಗಳ ನಂತರ ಆ ಭಾಗ್ಯ ಈಗ ಫಿಲ್ಮಿನ ಛಾಯಾಗ್ರಹಣಕ್ಕೆ, ಅದರಲ್ಲಿಯೂ ಗುಂಡಿ ಒತ್ತಿದೊಡನೆ ಕ್ಯಾಮೆರಾದ ಬಾಯಿಂದ ಕಾಗದವಾಗಿ ಹೊರಬೀಳುವ ಇನ್‌ಸ್ಟಂಟ್ ಫಿಲ್ಮಿಗೆ ಒದಗಿದೆ. ಜೇಬಿನಲ್ಲಿ ಉತ್ತಮ ಕ್ಯಾಮೆರಾವುಳ್ಳ ದೂರವಾಣಿಯನ್ನು ಇಟ್ಟುಕೊಂಡಿರುವ ತರುಣ ತರುಣಿಯರೇ ಮದುವೆ ಮನೆಗಳಿಗೂ ವಾರ್ಷಿಕೋತ್ಸವಗಳಿಗೂ ಈ ದಪ್ಪನೆಯ ಪೆಟ್ಟಿಗೆಯನ್ನು ಹೊತ್ತು ಬರುತ್ತಾರೆ. ಇದನ್ನು ಮಕ್ಕಳಾಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಚಿತ್ರದ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವ ಲೇಪ ಯಾವುದರಿಂದ ಆದದ್ದು ಎಂದು ವಿಚಾರಿಸಿದವನಿಗೆ, ಅದರಲ್ಲಿಯೂ ಅವನು ಅಣುವ್ರತಗಳನ್ನು ನಂಬಿದ ಶ್ರಾವಕನಾಗಿದ್ದರೆ, ವಿಷಯ ಅಷ್ಟು ಹಗುರವಾಗಿ ಉಳಿಯುವುದಿಲ್ಲ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ 1943ರಲ್ಲಿ ತನ್ನ ಮೂರು ವರ್ಷದ ಮಗಳ ಚಿತ್ರ ತೆಗೆದಾಗ, ಆ ಮಗು ಚಿತ್ರವನ್ನು ಈಗಲೇ ಏಕೆ ನೋಡಲಾಗದು ಎಂದು ಕೇಳಿತಂತೆ. ಆ ಪ್ರಶ್ನೆಯ ಬೆನ್ನು ಹಿಡಿದ ಲ್ಯಾಂಡ್ 1947ರ ಫೆಬ್ರವರಿಯಲ್ಲಿ ತನ್ನ ವಿಧಾನವನ್ನು ವಿದ್ವಾಂಸರ ಸಭೆಯಲ್ಲಿ ತೋರಿಸಿದನು. 1948ರ ನವೆಂಬರಿನಲ್ಲಿ ಪೋಲರಾಯ್ಡ್ ಕಂಪನಿಯ ಮೊದಲ ಕ್ಯಾಮೆರಾ ಬಾಸ್ಟನ್ ನಗರದ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂದಿತು. 1972ರಲ್ಲಿ ಬಂದ ಎಸ್‌ಎಕ್ಸ್-70 ಎಂಬ ಕ್ಯಾಮೆರಾದಿಂದ ಈಗ ನಾವು ಕಾಣುವ ರೂಪ ಸಿದ್ಧವಾಯಿತು. ಚಿತ್ರದ ಬಿಳಿಯ ಅಂಚಿನಲ್ಲಿ ಕ್ಷಾರದ್ರವ್ಯದ ಪುಟ್ಟ ಚೀಲವೊಂದು ಅಡಗಿರುತ್ತದೆ. ಕಾಗದ ಹೊರಬರುವಾಗ ಎರಡು ಉರುಳೆಗಳ ನಡುವೆ ಅದು ಒಡೆದು, ದ್ರವ ಪದರಗಳ ನಡುವೆ ಹರಡುತ್ತದೆ. ಬೆಳಕು ತಾಗಿದೆಡೆ ಬಣ್ಣ ಅಲ್ಲಿಯೇ ನಿಲ್ಲುತ್ತದೆ, ತಾಗದೆಡೆ ಮೇಲಿನ ಪದರಕ್ಕೆ ಏರುತ್ತದೆ. ಕೆಲವು ನಿಮಿಷಗಳಲ್ಲಿ ಮಂಜಿನೊಳಗಿಂದ ಎಂಬಂತೆ ಮುಖಗಳು ಮೂಡುತ್ತವೆ. ಉತ್ಪಾದ, ವ್ಯಯ, ಧ್ರೌವ್ಯಗಳನ್ನು ಪಾಠಶಾಲೆಯಲ್ಲಿ ವಿವರಿಸುವವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಉದ್ಯಮ ಕುಸಿಯಿತು. ಪೋಲರಾಯ್ಡ್ 2001ರಲ್ಲಿ ದಿವಾಳಿಯಾಯಿತು. 2008ರ ಫೆಬ್ರವರಿಯಲ್ಲಿ ತಾನು ಇನ್ನು ಈ ಫಿಲ್ಮನ್ನು ತಯಾರಿಸುವುದಿಲ್ಲವೆಂದು ಸಾರಿತು. ಅದೇ ವರ್ಷ ಫ್ಲೋರಿಯನ್ ಕಾಪ್ಸ್, ಆಂಡ್ರೆ ಬೋಸ್ಮನ್ ಮೊದಲಾದವರು ನೆದರ್ಲೆಂಡಿನ ಎನ್‌ಸ್ಕೆಡೆ ಎಂಬ ಊರಿನಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೊಂಡು, ಹಳೆಯ ಕೆಲಸಗಾರರಲ್ಲಿ ಕೆಲವರನ್ನು ಕೂಡಿಸಿಕೊಂಡು, ‘ಅಸಾಧ್ಯ ಯೋಜನೆ’ ಎಂದೇ ಹೆಸರಿಟ್ಟು ಕೆಲಸಕ್ಕೆ ತೊಡಗಿದರು. ಹಿಂದಿನ ರಾಸಾಯನಿಕಗಳು ದೊರೆಯುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಹೊಸದಾಗಿ ಕಂಡುಕೊಳ್ಳಬೇಕಾಯಿತು. 2010ರಲ್ಲಿ ಹೊರಬಂದ ಅವರ ಮೊದಲ ಚಿತ್ರಗಳು ಮಂಕಾಗಿದ್ದವು. ಆದರೂ ಕೊಳ್ಳುವವರಿದ್ದರು. 2017ರಲ್ಲಿ ಪೋಲರಾಯ್ಡ್ ಎಂಬ ಹೆಸರೇ ಅವರ ಕೈಸೇರಿತು. ಇತ್ತ ಜಪಾನಿನ ಫ್ಯೂಜಿಫಿಲ್ಮ್ 1998ರಲ್ಲಿ ಆರಂಭಿಸಿದ್ದ ಇನ್‌ಸ್ಟಾಕ್ಸ್ ಎಂಬ ಕ್ಯಾಮೆರಾ ನಡುವೆ ಮಾರಾಟವಿಲ್ಲದೆ ಸೊರಗಿ, ಮತ್ತೆ ಚಿಗುರಿ, 2018-19ರ ಆರ್ಥಿಕ ವರ್ಷವೊಂದರಲ್ಲಿಯೇ ಒಂದು ಕೋಟಿ ಖರ್ಚಾಯಿತು. ಆದ್ದರಿಂದ ಇದು ನಾಲ್ಕು ಮಂದಿ ಹವ್ಯಾಸಿಗಳ ಹಠವೆಂದು ಹೇಳುವಂತಿಲ್ಲ.

ಇನ್ನು ಲೇಪದ ಮಾತು. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಹರಳುಗಳನ್ನು ಫಿಲ್ಮಿನ ಮೇಲೆ ಹಿಡಿದು ನಿಲ್ಲಿಸುವ ವಸ್ತು ಜೆಲಟಿನ್. ಅದು ದನ, ಹಂದಿ ಮುಂತಾದ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬರುತ್ತದೆ. ಮೂಳೆಯನ್ನು ಪುಡಿ ಮಾಡಿ, ಜಿಡ್ಡು ತೆಗೆದು, ಆಮ್ಲದಲ್ಲಿ ನೆನೆಸಿ ಸುಣ್ಣದ ಅಂಶವನ್ನು ಕಳೆದರೆ ಆಸಿನ್ ಎಂಬ ಮೆದುವಾದ ಪದಾರ್ಥ ಉಳಿಯುತ್ತದೆ. ಅದನ್ನು ವಾರಗಟ್ಟಲೆ ಸುಣ್ಣದ ನೀರಿನಲ್ಲಿಟ್ಟು, ಬಿಸಿನೀರಿನಲ್ಲಿ ಬೇಯಿಸಿ ಸಾರ ತೆಗೆದರೆ ಜೆಲಟಿನ್. ಇದು ದೂರದೇಶದ ಕಥೆಯೂ ಅಲ್ಲ. ನಮ್ಮ ನೆರೆಯ ಕೇರಳದಲ್ಲಿ 1975ರಲ್ಲಿ ಜಪಾನಿನ ಸಹಯೋಗದಿಂದ ಆಸಿನ್ ಮತ್ತು ಜೆಲಟಿನ್ ತಯಾರಿಸುವ ಸಂಸ್ಥೆ ಸ್ಥಾಪನೆಯಾಯಿತು.

ಛಾಯಾಗ್ರಹಣ ಆರಂಭದಿಂದಲೂ ಹೀಗಿರಲಿಲ್ಲ. 1839ರ ದಾಗೆರ್ ವಿಧಾನದಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡು ಮಾತ್ರ ಇತ್ತು. 1851ರಲ್ಲಿ ಬಂದ ಕಲೋಡಿಯನ್ ವಿಧಾನದ ಗಾಜಿನ ತಟ್ಟೆಗೆ ಹತ್ತಿಯಿಂದ ಮಾಡಿದ ಲೇಪ ಸಾಕಾಗುತ್ತಿತ್ತು. (ಆದರೆ ಅದರಿಂದ ಪ್ರತಿ ತೆಗೆಯುವ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯನ್ನು ಬಳಿಯುತ್ತಿದ್ದರು. ಆ ಕಾಲದ ಶ್ರಾವಕರು ತಮ್ಮ ಚಿತ್ರ ತೆಗೆಸಿಕೊಂಡಾಗ ಇದನ್ನು ಅರಿತಿರಲಾರರು.) 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಲೇಪದ ಒಣ ತಟ್ಟೆಯನ್ನು ಪ್ರಕಟಿಸಿದ ಮೇಲೆ ಎಲ್ಲರೂ ಆ ದಾರಿಯನ್ನೇ ಹಿಡಿದರು. ಅದು ತಣ್ಣೀರಿನಲ್ಲಿ ಕರಗದೆ ಉಬ್ಬುತ್ತದೆ, ರಾಸಾಯನಿಕಗಳನ್ನು ಒಳಬಿಡುತ್ತದೆ, ಹರಳುಗಳನ್ನು ಚೆದುರಗೊಡುವುದಿಲ್ಲ. ಕೃತಕ ಪದಾರ್ಥಗಳನ್ನು ರಸಾಯನಶಾಸ್ತ್ರಜ್ಞರು ಪ್ರಯತ್ನಿಸದೆ ಇಲ್ಲ. ಭಾಗಶಃ ಬೆರೆಸಲು ಸಾಧ್ಯವಾದರೂ ಜೆಲಟಿನ್ನಿನ ಸ್ಥಾನವನ್ನು ಪೂರ್ತಿಯಾಗಿ ತುಂಬಬಲ್ಲ ಬದಲಿ ಮಾರುಕಟ್ಟೆಗೆ ಬಂದಿಲ್ಲ. 1920ರ ದಶಕದಲ್ಲಿ ಕೊಡಾಕ್ ಕಂಪನಿಯ ಸ್ಯಾಮ್ಯುಯೆಲ್ ಶೆಪರ್ಡ್ ಒಂದು ವಿಚಿತ್ರವನ್ನು ಕಂಡನು. ಕೆಲವು ಜೆಲಟಿನ್ ಸರಕಿನಿಂದ ಮಾಡಿದ ಫಿಲ್ಮ್ ಬೆಳಕಿಗೆ ಚುರುಕಾಗಿರುತ್ತಿತ್ತು, ಕೆಲವದರಿಂದ ಮಾಡಿದ್ದು ಮಂದವಾಗಿರುತ್ತಿತ್ತು. ಹುಡುಕಿದಾಗ, ದನಗಳು ಮೇವಿನೊಡನೆ ತಿಂದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶ ಚರ್ಮದೊಳಗೆ ಉಳಿದು, ಅಲ್ಲಿಂದ ಜೆಲಟಿನ್ನಿಗೆ ಇಳಿದಿತ್ತು! ಪ್ರಾಣಿಯ ಅಂಶ ಇಲ್ಲಿ ಹೆಸರಿಗಷ್ಟೇ ಇರುವ ಅಂಟು ಎಂದು ಸಮಾಧಾನ ಹೇಳುವವರು ಈ ಸಂಗತಿಯನ್ನು ನೆನೆಯಬೇಕು. ಆ ಪಶು ಮೇದ ಹುಲ್ಲು ಕೂಡ ಚಿತ್ರದಲ್ಲಿ ಕೆಲಸ ಮಾಡುತ್ತಿತ್ತು.

ನಮ್ಮ ಸೀಮೆಗೂ ಫಿಲ್ಮಿಗೂ ಇರುವ ನಂಟು ಅನೇಕರಿಗೆ ಮರೆತಿರಬಹುದು. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆಗಳ ಕಾಡನ್ನು ದಾಟಿ ಘಟ್ಟ ಏರಿದರೆ ಸಿಗುವ ಊಟಿಯಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿತ್ತು. 1960ರಲ್ಲಿ ಸ್ಥಾಪನೆಯಾಗಿ, ಫ್ರಾನ್ಸಿನ ಕಂಪನಿಯೊಂದರ ನೆರವಿನಿಂದ 1967ರಲ್ಲಿ ಉತ್ಪಾದನೆ ಆರಂಭಿಸಿತು. ಧೂಳಿಲ್ಲದ ತಂಪು ಹವೆಯೇ ಅದನ್ನು ಅಲ್ಲಿಗೆ ಎಳೆದದ್ದು. ಅದರ ‘ಇಂದು’ ಮುದ್ರೆಯ ಕಪ್ಪುಬಿಳುಪು ಫಿಲ್ಮು, ಕಾಗದ ಮತ್ತು ಎಕ್ಸ್-ರೇ ಹಾಳೆಗಳನ್ನು ಆ ದಶಕಗಳ ಸ್ಟುಡಿಯೋದವರೂ ಆಸ್ಪತ್ರೆಯವರೂ ಬಲ್ಲರು. ಕಾಲ ಬದಲಾಗಿ ನಷ್ಟ ಏರುತ್ತ ಹೋಗಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡವರ ಕುಟುಂಬಗಳ ಕಷ್ಟವನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಜೆಲಟಿನ್ನಿನ ದೃಷ್ಟಿಯಿಂದ ನೋಡಿದರೆ, ಧರ್ಮೋಪದೇಶ ಮಾಡಲಾಗದಿದ್ದ ಕೆಲಸವನ್ನು ತಂತ್ರಜ್ಞಾನ ಸದ್ದಿಲ್ಲದೆ ಮಾಡಿಮುಗಿಸಿತ್ತು. ಡಿಜಿಟಲ್ ಬಂದ ಒಂದೆರಡು ದಶಕಗಳಲ್ಲಿ ಮೂಳೆಯಿಲ್ಲದ ಚಿತ್ರ ಲೋಕಕ್ಕೆಲ್ಲ ದೊರೆಯಿತು. ಈಗ ನಡೆಯುತ್ತಿರುವುದು, ಬಿಟ್ಟುಹೋದದ್ದನ್ನು ಬೇಕೆಂದು ಮರಳಿ ಕರೆಯುವ ಕೆಲಸ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿ.

ಇದು ಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಈಚೆಗೆ ನಮ್ಮ ಭಾಗದ ಒಂದು ಬಸದಿಯ ಟ್ರಸ್ಟ್ ಸಭೆಯಲ್ಲಿ ಕೆಲವು ಯುವಕರು ಒಂದು ಸಲಹೆ ಮುಂದಿಟ್ಟರು. ಮಹಾವೀರ ಜಯಂತಿಯಂದು ಮಾನಸ್ತಂಭದ ಮುಂದೆ ಬಂದ ಕುಟುಂಬಗಳ ಚಿತ್ರವನ್ನು ಇನ್‌ಸ್ಟಂಟ್ ಕ್ಯಾಮೆರಾದಲ್ಲಿ ತೆಗೆದು ಆಗಲೇ ಕೈಗೆ ಕೊಡುವುದು, ಬಂದ ಕಾಣಿಕೆಯನ್ನು ಸೋರುತ್ತಿರುವ ಮಾಡಿನ ದುರಸ್ತಿಗೆ ಸೇರಿಸುವುದು. ಹಿರಿಯರೊಬ್ಬರು ಮೂಳೆಯ ವಸ್ತು ಬಸದಿಯ ಆವರಣಕ್ಕೆ ಬರಕೂಡದು ಎಂದರು. ಆಗ ಒಬ್ಬ ಹುಡುಗ ವಿನಯದಿಂದಲೇ, “ಯಜಮಾನರೇ, ತಾವು ಪೂಜೆಗೆ ಉಡುವ ಮಡಿ ರೇಷ್ಮೆಯದಲ್ಲವೆ? ಕಚೇರಿಯ ಗೋಡೆಯ ಮೇಲಿರುವ ಹಳೆಯ ಟ್ರಸ್ಟಿಗಳ ಫೋಟೋ ಯಾವ ಕಾಗದದ್ದು?” ಎಂದನು. ಸಭೆ ನಿಶ್ಶಬ್ದವಾಯಿತು. ಕೋಶಾಧ್ಯಕ್ಷರು ಫಿಲ್ಮಿನ ಬೆಲೆ ಕಳೆದರೆ ಎಷ್ಟು ಉಳಿಯುವುದೆಂದು ಲೆಕ್ಕ ಕೇಳಿ ಮಾತನ್ನು ತಿರುಗಿಸಿದರು.

ಹುಡುಗನ ಮಾತಿನಲ್ಲಿ ತೂಕವಿದೆ. ಚಾಮರಾಜನಗರ, ಕೊಳ್ಳೇಗಾಲಗಳ ಸುತ್ತ ರೇಷ್ಮೆಗೂಡನ್ನು ಕಾಣದೆ ಬೆಳೆದವರು ಯಾರು? ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಪ್ರತಿ ಗೂಡಿನೊಳಗಿನ ಹುಳು ಬಿಸಿಗೆ ಸಾಯಬೇಕು. ದ್ವೀಂದ್ರಿಯ, ತ್ರೀಂದ್ರಿಯ, ಚತುರಿಂದ್ರಿಯ ಎಂದು ಜೀವಗಳನ್ನು ಎಣಿಸಿ ಕಲಿಸುವ ನಾವು, ಶುದ್ಧಿಯ ಹೆಸರಿನಲ್ಲಿ ರೇಷ್ಮೆಯನ್ನು ಉಟ್ಟು ಹಿಂಸೆಯ ಹೆಸರಿನಲ್ಲಿ ಫಿಲ್ಮನ್ನು ತಡೆದರೆ ಮಕ್ಕಳು ಕೇಳದೆ ಬಿಡುವರೆ? ಆದರೆ ಅದರಿಂದ ಫಿಲ್ಮಿಗೆ ಅನುಮತಿ ದೊರೆಯಿತೆಂದು ತಿಳಿಯುವುದೂ ಸರಿಯಲ್ಲ. ರೇಷ್ಮೆಯ ಪ್ರಶ್ನೆ ರೇಷ್ಮೆಯ ಕಡೆಗೆ ಉತ್ತರ ಬೇಡುತ್ತದೆ. ಹಿರಿಯರ ಆಕ್ಷೇಪಣೆಯಲ್ಲಿಯೂ ಎರಡು ಮಾತುಗಳು ಬೆರೆತಿದ್ದವು. ಮೂಳೆ ಅಶುಚಿ ಎಂಬುದು ಒಂದು; ಅದು ಗರ್ಭಗೃಹದ, ಪೂಜಾಸ್ಥಳದ ಮರ್ಯಾದೆಗೆ ಸೇರಿದ್ದು. ಮೂಳೆಯ ಹಿಂದೆ ಹಿಂಸೆಯಿದೆ ಎಂಬುದು ಇನ್ನೊಂದು. ಅದು ಬಸದಿಯ ಬಾಗಿಲಿಗೆ ನಿಲ್ಲದೆ ನಮ್ಮ ಮನೆಯ ಪಡಸಾಲೆಗೂ ಬರುತ್ತದೆ. ಮೊದಲನೆಯದನ್ನು ಹೊರಗಿಟ್ಟರೆ ಮುಗಿಯಿತು. ಎರಡನೆಯದು ಹಾಗೆ ಮುಗಿಯುವುದಿಲ್ಲ.

ಫಿಲ್ಮಿನ ಪರವಾಗಿ ಸಾಮಾನ್ಯವಾಗಿ ಹೇಳುವ ಮೊದಲ ಮಾತು, ಯಾರೂ ಫಿಲ್ಮಿಗಾಗಿ ಪಶುವನ್ನು ಕೊಲ್ಲುವುದಿಲ್ಲ, ಮಾಂಸಕ್ಕಾಗಿ ಕೊಂದ ಪಶುವಿನ ಮೂಳೆ ಹೇಗೂ ಬಿಸಾಡುವಂಥದ್ದು ಎಂಬುದು. ಇದಕ್ಕೆ ಉತ್ತರ ಶಾಸ್ತ್ರದಿಂದ ಮಾತ್ರವಲ್ಲ, ನಾನು ಬಿ.ಕಾಂ. ತರಗತಿಯಲ್ಲಿ ಓದಿದ ವೆಚ್ಚದ ಲೆಕ್ಕಶಾಸ್ತ್ರದಿಂದಲೂ ದೊರೆಯುತ್ತದೆ. ಉಪೋತ್ಪನ್ನದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಅಲ್ಲಿನ ಕ್ರಮ. ಎಣ್ಣೆಯ ಗಾಣದವನು ಹಿಂಡಿಯನ್ನು ಮಾರದೆ ಎಣ್ಣೆಯ ದರವನ್ನು ನಿಲ್ಲಿಸಲಾರನು. ಅಕ್ಕಿ ಗಿರಣಿಯವನಿಗೆ ತವುಡೂ ಲೆಕ್ಕವೇ. ಹಾಗೆಯೇ ಮೂಳೆ, ಚರ್ಮ, ಕೊಬ್ಬುಗಳಿಗೆ ಬೆಲೆ ಬಂದಷ್ಟೂ ಕಸಾಯಿಖಾನೆಯ ಲಾಭ ಗಟ್ಟಿಯಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ಮೊದಲನೆಯದು ನಮ್ಮದಲ್ಲವೆಂದು ಹೇಳಬಹುದು. ಕೊಳ್ಳುವವನು ಉಳಿದ ಎರಡರಿಂದಲೂ ಹೊರಗಿದ್ದಾನೆಂದು ಯಾವ ವ್ಯಾಪಾರಿಯೂ ಒಪ್ಪಲಾರನು. ಕರ್ಮಾದಾನಗಳೆಂದು ನಿಷೇಧಿಸಿದ ಹದಿನೈದು ವೃತ್ತಿಗಳಲ್ಲಿ ದಂತವಾಣಿಜ್ಯವನ್ನು ಸೇರಿಸಿದ ಹಿಂದಿನವರಿಗೂ ಈ ಲೆಕ್ಕ ತಿಳಿದಿತ್ತು. ದಂತ ಸ್ವತಃ ಯಾರನ್ನೂ ಕೊಲ್ಲದು. ಅದನ್ನು ಕೊಳ್ಳುವವನಿದ್ದಾನೆಂಬ ಭರವಸೆ ಆನೆಯನ್ನು ಕೊಲ್ಲಿಸುತ್ತದೆ.

ತಾನಾಗಿ ಸತ್ತ ದನದ ಮೂಳೆಯಾದರೆ ಎಂದು ಕೆಲವರು ಕೇಳುವರು. ಹಳ್ಳಿಗಳಲ್ಲಿ ಬಿದ್ದ ಮೂಳೆಯನ್ನು ಆಯ್ದು ಗಿರಣಿಗೆ ಮಾರುವ ಬಡವರು ಇದ್ದದ್ದು ನಿಜ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಸ್ವಯಂ ಮೃತವಾದ ಪಶುವಿನ ಮಾಂಸದಲ್ಲಿಯೂ ಹಿಂಸೆಯನ್ನು ಕಾಣುತ್ತಾರೆ, ಅದನ್ನು ಆಶ್ರಯಿಸಿ ಹುಟ್ಟುವ ನಿಗೋದ ಜೀವಿಗಳ ಕಾರಣದಿಂದ. ಆದರೆ ಅವರು ಹೇಳುತ್ತಿರುವುದು ಮಾಂಸವನ್ನು ಕುರಿತು. ಒಣಗಿದ ಮೂಳೆಗೆ ಅದನ್ನು ಎಳೆದು ಅನ್ವಯಿಸುವಲ್ಲಿ ಎಚ್ಚರ ಬೇಕು. ನನಗೆ ತೋರುವ ಉತ್ತರ ಹೆಚ್ಚು ಸರಳ. ಫಿಲ್ಮಿನ ಪೊಟ್ಟಣವನ್ನು ಕೊಳ್ಳುವವನಿಗೆ ಅದರೊಳಗಿನ ಮೂಳೆ ಯಾವ ದನದ್ದು, ಹೇಗೆ ಸತ್ತದ್ದು ಎಂದು ತಿಳಿಯುವ ದಾರಿಯಿಲ್ಲ. ತಿಳಿಯದ್ದನ್ನು ತನ್ನ ಪರವಾಗಿ ಊಹಿಸಿಕೊಳ್ಳುವುದೇ ಪ್ರಮಾದ.

ಪ್ರಮಾದ ಎಂಬ ಮಾತು ಬಂದದ್ದರಿಂದ ಇನ್ನೊಂದು ಬದಿಯನ್ನೂ ಹೇಳಬೇಕು. ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣವನ್ನು ಪ್ರಮಾದಕ್ಕೆ ಕಟ್ಟಿದೆ. ನಮ್ಮ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಯಾರ ತಪೋಭೂಮಿಯೆಂದು ಪ್ರತೀತಿಯಿದೆಯೋ ಆ ಪೂಜ್ಯಪಾದರು ತಮ್ಮ ‘ಸರ್ವಾರ್ಥಸಿದ್ಧಿ’ಯಲ್ಲಿ, ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಪಾದದಡಿ ಜೀವವೊಂದು ಸಿಕ್ಕರೂ ಆತನಿಗೆ ಬಂಧವಿಲ್ಲವೆಂಬ ವಿಚಾರವನ್ನು ಎತ್ತಿ ತೋರಿದ್ದಾರೆ. ಅಂದಮೇಲೆ ಒಂದೇ ಜೆಲಟಿನ್ ಎಲ್ಲ ಕೈಗಳಲ್ಲಿಯೂ ಒಂದೇ ದೋಷವಲ್ಲ. ರೋಗಿಯ ಎದೆಯ ಎಕ್ಸ್-ರೇ ತೆಗೆಸಿದ ವೈದ್ಯ, ಬೇರೆ ವಿಧಾನವೇ ಇಲ್ಲದ ಕಾಲದಲ್ಲಿ ಸ್ಟುಡಿಯೋ ನಡೆಸಿ ಸಂಸಾರ ಸಾಕಿದವನು, ದೂರಕ್ಕೆ ಮದುವೆಯಾಗಿ ಹೋಗುವ ಮಗಳ ಒಂದೇ ಒಂದು ಫೋಟೋ ತೆಗೆಸಿದ ತಾಯಿ, ಇವರ ಕರ್ಮವನ್ನು ಆರಂಭಿ, ಉದ್ಯೋಗಿ ಹಿಂಸೆಗಳ ಸಾಲಿನಲ್ಲಿ ಇಡಬೇಕೇ ಹೊರತು ಸಂಕಲ್ಪಿ ಹಿಂಸೆಯಲ್ಲಿ ಅಲ್ಲ. ಬಂಡೀಪುರದ ಕಾಡುಗಳಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದದ್ದೂ ಫಿಲ್ಮಿನ ಕಾಲದಲ್ಲಿಯೇ. ಆ ಫಿಲ್ಮು ಉಳಿಸಿದ ಜೀವಗಳನ್ನು ಮರೆತು ಅದರ ಲೇಪವನ್ನು ಮಾತ್ರ ಎಣಿಸುವುದು ಏಕಾಂತವಾದೀತು.

ಪುನರುಜ್ಜೀವನದ ಸ್ಥಿತಿ ಬೇರೆ. ಇಲ್ಲಿ ಬದಲಿ ಇದೆ, ಅದು ಅಗ್ಗವಾಗಿದೆ, ಕೊಳ್ಳುವವನ ಜೇಬಿನಲ್ಲಿಯೇ ಇದೆ. ಆದರೂ ಹಳೆಯದನ್ನು ಆರಿಸಿಕೊಳ್ಳುವುದು ರುಚಿಗಾಗಿ, ಆ ಮಂದವಾದ ಬಣ್ಣಕ್ಕಾಗಿ, ಬಿಳಿಯ ಅಂಚಿಗಾಗಿ. ಶ್ರಾವಕಾಚಾರದಲ್ಲಿ ಇದಕ್ಕೆ ಒಂದು ನಿರ್ದಿಷ್ಟವಾದ ಮನೆಯಿದೆ. ಅದು ಅನರ್ಥದಂಡ, ಪ್ರಯೋಜನವಿಲ್ಲದ ಹಿಂಸೆ. ಮೂರು ಗುಣವ್ರತಗಳಲ್ಲಿ ಒಂದಾಗಿ ಅದರ ವಿರತಿಯನ್ನು ಹೇಳಿರುವುದು ಇಂಥ ಸಣ್ಣ ಸಂಗತಿಗಳಿಗಾಗಿಯೇ. ದೊಡ್ಡ ಹಿಂಸೆಗೆ ಅಣುವ್ರತವೇ ಸಾಕಾಗುತ್ತಿತ್ತು.

ಯುವಕರು ಇಲ್ಲಿ ಸುಮ್ಮನಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರ ವಾದ ಹೀಗಿದೆ. ಪ್ರಯೋಜನವಿಲ್ಲವೆಂದು ಹೇಗೆ ಹೇಳುತ್ತೀರಿ? ದೂರವಾಣಿಯಲ್ಲಿ ಇಪ್ಪತ್ತು ಸಾವಿರ ಚಿತ್ರಗಳಿರುತ್ತವೆ, ಒಂದನ್ನೂ ಮತ್ತೆ ನೋಡುವುದಿಲ್ಲ. ಫಿಲ್ಮಿನ ಪೊಟ್ಟಣದಲ್ಲಿ ಎಂಟೋ ಹತ್ತೋ ಹಾಳೆ. ಪ್ರತಿಯೊಂದಕ್ಕೂ ಹಣ ಕೊಟ್ಟಿರುವುದರಿಂದ ತೆಗೆಯುವ ಮೊದಲು ಯೋಚಿಸಬೇಕು. ತಿದ್ದುವಂತಿಲ್ಲ, ಆದ್ದರಿಂದ ಸುಳ್ಳಿಗೆ ಎಡೆ ಕಡಿಮೆ. ಪ್ರತಿ ತೆಗೆಯುವ ನೆಗೆಟಿವ್ ಇಲ್ಲ, ಆದ್ದರಿಂದ ಒಬ್ಬರಿಗೆ ಕೊಟ್ಟರೆ ನಿಜವಾಗಿಯೂ ಕೊಟ್ಟಂತೆ. ಇದು ಪರಿಗ್ರಹ ಪರಿಮಾಣವಲ್ಲವೆ?

ಇದು ಹಗುರವಾದ ವಾದವಲ್ಲ. ಅನರ್ಥದಂಡ ವ್ರತದ ಅತಿಚಾರಗಳಲ್ಲಿಯೇ ಉಪಭೋಗಪರಿಭೋಗಾನರ್ಥಕ್ಯ ಎಂಬುದೊಂದಿದೆ, ಬೇಕಾದುದಕ್ಕಿಂತ ಹೆಚ್ಚಾಗಿ ಭೋಗವಸ್ತುಗಳನ್ನು ಕೂಡಿಹಾಕುವುದು. ಇಪ್ಪತ್ತು ಸಾವಿರ ಚಿತ್ರಗಳ ದೂರವಾಣಿಗೆ ಅದಕ್ಕಿಂತ ಸರಿಯಾದ ಹೆಸರಿಲ್ಲ. ದೂರವಾಣಿಯೂ ನಿರ್ದೋಷಿಯಲ್ಲ, ಅದರ ಲೋಹಕ್ಕೆ ಗಣಿ ತೋಡಬೇಕು, ಚಿತ್ರಗಳನ್ನು ಕಾಯ್ದಿಡುವ ದೂರದ ಯಂತ್ರಗಳಿಗೆ ಹಗಲಿರುಳು ವಿದ್ಯುತ್ ಬೇಕು. ಆದರೂ ವಾದದ ಒಂದು ಕೊಂಡಿ ಸಡಿಲವಾಗಿದೆ. ಮಿತಿ ಬಂದದ್ದು ಫಿಲ್ಮಿನ ಬೆಲೆಯಿಂದ, ಅವರ ಸಂಕಲ್ಪದಿಂದ ಅಲ್ಲ. ನಾಳೆ ಬೆಲೆ ಇಳಿದರೆ ಮಿತಿಯೂ ಹೋಗುತ್ತದೆ. ಹಬ್ಬದ ದಿನ ಹತ್ತೇ ಚಿತ್ರ ತೆಗೆಯುವೆನೆಂದು ದೂರವಾಣಿ ಹಿಡಿದೇ ನಿಯಮ ಮಾಡಿಕೊಳ್ಳಬಹುದು. ಆ ಹತ್ತನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದು. ಭೋಗೋಪಭೋಗ ಪರಿಮಾಣವೆಂದರೆ ಅದೇ. ಒಂದು ವ್ರತವನ್ನು ಪಾಲಿಸಲು ಇನ್ನೊಂದನ್ನು ಒತ್ತೆಯಿಡಬೇಕಾದ ಇಕ್ಕಟ್ಟು ಇಲ್ಲಿ ನಿಜವಾಗಿ ಇಲ್ಲ.

ಪ್ರತಿಯಿಲ್ಲದ ಒಂದೇ ಚಿತ್ರ ಶ್ರೇಷ್ಠವೆಂಬ ಮಾತಿಗೂ ನಮ್ಮ ಪರಂಪರೆ ಸುಲಭವಾಗಿ ತಲೆಯಾಡಿಸದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಒಂದೇ ಓಲೆಕಟ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಇದು ನನ್ನೊಬ್ಬಳದು ಎಂದು ಹಿಗ್ಗಲಿಲ್ಲ. ಒಂದೇ ಇರುವುದರ ಸೊಗಸಿನಲ್ಲಿ ಮಮತೆಯ ಪಾಲೂ ಇದೆಯೆಂಬುದನ್ನು ಯುವಕರು ಯೋಚಿಸಲಿ.

ಟ್ರಸ್ಟಿನವರು ನನ್ನ ಅಭಿಪ್ರಾಯ ಕೇಳಿದಾಗ ಹೇಳಿದ್ದು ಇಷ್ಟು. ಧರ್ಮಸಂಸ್ಥೆಯೇ ಫಿಲ್ಮನ್ನು ಕೊಂಡು, ಹಂಚಿ, ಅದರಿಂದ ಧನ ಸಂಗ್ರಹಿಸುವುದು ಕಾರಿತವೂ ಅನುಮೋದಿತವೂ ಆಗುತ್ತದೆ, ಅದು ಬೇಡ. ಡಿಜಿಟಲ್ ಕ್ಯಾಮೆರಾದಿಂದ ತೆಗೆದು ಶಾಖದಿಂದ ಬಣ್ಣ ಮೂಡಿಸುವ ಸಣ್ಣ ಮುದ್ರಣಯಂತ್ರದಲ್ಲಿ ಅಲ್ಲಿಯೇ ಅಚ್ಚು ಹಾಕಬಹುದು. ಆದರೆ ಕಾಗದದ ಲೇಪದಲ್ಲಿ ಜೆಲಟಿನ್ ಇದೆಯೇ ಎಂದು ತಯಾರಕರನ್ನು ಬರಹದಲ್ಲಿ ಕೇಳಿಯೇ ಕೊಳ್ಳಬೇಕು, ಏಕೆಂದರೆ ಶಾಯಿಯ ಮುದ್ರಣದ ಕೆಲವು ಫೋಟೋ ಕಾಗದಗಳಲ್ಲಿಯೂ ಅದು ಇರುತ್ತದೆ. ಖಾಸಗಿಯಾಗಿ ಕ್ಯಾಮೆರಾ ತಂದ ಹುಡುಗರನ್ನು ಬಾಗಿಲಲ್ಲಿ ತಡೆದು ಅವಮಾನಿಸಬಾರದು, ತಿಳಿಸಿ ಹೇಳಬೇಕು. ಮಡಿಯ ರೇಷ್ಮೆಯ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಈ ಕೊನೆಯ ಮಾತು ಎಲ್ಲರಿಗೂ ಹಿಡಿಸಲಿಲ್ಲ.

ಉಳಿದದ್ದು ಹಳೆಯ ಚಿತ್ರಗಳ ಪ್ರಶ್ನೆ. ನಮ್ಮ ಮನೆಗಳ ಆಲ್ಬಮ್ಮುಗಳು, ಬಸದಿಯ ಕಚೇರಿಯ ಗೋಡೆಯ ಚಿತ್ರಗಳು, ಮುನಿಮಹಾರಾಜರ ವಿಹಾರದ ಕಪ್ಪುಬಿಳುಪು ನೆನಪುಗಳು ಬಹುಪಾಲು ಜೆಲಟಿನ್ ಕಾಗದದವೇ. ಅವನ್ನು ಎಸೆಯಬೇಕೆ ಎಂದು ಇಬ್ಬರು ತಾಯಂದಿರು ಕೇಳಿದ್ದಾರೆ. ಎಸೆಯಬೇಕಾಗಿಲ್ಲ. ಎಸೆದರೆ ಯಾವ ಜೀವವೂ ಮರಳುವುದಿಲ್ಲ, ಹೊಸ ಬೇಡಿಕೆಯನ್ನೂ ಅವು ಹುಟ್ಟಿಸವು. ಪೂಜಾಸ್ಥಳದಿಂದ ಬೇರೆ ಕಡೆ ಇಟ್ಟರೆ ಸಾಕು. ಜೆಲಟಿನ್ ಮಳೆಗಾಲದ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ, ಹುಳುಗಳಿಗೆ ಆಹಾರವಾಗುತ್ತದೆ. ಆಮೇಲೆ ನುಸಿಗುಳಿಗೆ ಹಾಕಿ ಅವನ್ನು ಕೊಲ್ಲುವುದಕ್ಕಿಂತ ಮೊದಲೇ ಜೀವೋತ್ಪತ್ತಿಯಾಗದಂತೆ ನೋಡಿಕೊಳ್ಳುವುದು ಯತ್ನಾಚಾರ. ಹೊರಗೋಡೆಗೆ ತಾಗದಂತೆ, ಒಣಗಿದ, ಗಾಳಿಯಾಡುವ ಕಪಾಟಿನಲ್ಲಿಡಿ. ಬಣ್ಣದ ಚಿತ್ರಗಳನ್ನು ಬಿಸಿಲಿನಿಂದ ದೂರವಿಡಿ. ಇನ್‌ಸ್ಟಂಟ್ ಚಿತ್ರವಿದ್ದರೆ ಅಂಚನ್ನು ಕತ್ತರಿಸಬೇಡಿ. ಒಳಗೆ ಕ್ಷಾರದ ಅಂಶ ಉಳಿದಿರಬಹುದು. ಎಲ್ಲವನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿ. ಕಾಗದದ ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಿ. ಆ ಮುಖಗಳನ್ನು ಗುರುತಿಸಬಲ್ಲವರು ಪ್ರತಿ ಊರಿನಲ್ಲಿಯೂ ಇನ್ನು ಇಬ್ಬರೋ ಮೂವರೋ ಉಳಿದಿದ್ದಾರೆ.